ಅಪ್ಪನ ಕೋವಿ ಕೈಕೊಟ್ಟಿದ್ದು

ಅಮ್ಮ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿದಳು ಅಂದ್ರೆ ಏನೋ ಇದೆ ಅಂತಲೇ ಅರ್ಥ. ಆವತ್ತೂ ಹಾಗೇ. ಮಳೆ ಎಷ್ಟು ಇಂಚು ಬಿತ್ತು, ಮೆಣಸಿನ ಬಳ್ಳಿ ಎಷ್ಟು ಕೊಳೀತು, ಕರೆಂಟ್ ಹೋಗಿ ಎಷ್ಟು ದಿನ ಆಯ್ತು ಎಲ್ಲ ವರದಿ ಒಪ್ಪಿಸಿದ ಮೇಲೆ, ಫೋನ್ ಇಡೋ ಹೊತ್ತಿಗೆ, "ನಿನ್ನ ಅಪ್ಪ ಈ ಸಲ ತೆಂಗಿನಕಾಯಿಗೆ ಹೊಡೆಯೋಕೆ ಹೋಗಲ್ವಂತೆ" ಅಂದಳು.

ಕೊಡಗಿನವರಲ್ಲದವರಿಗೆ ಈ ಮಾತಿನ ತೂಕ ಗೊತ್ತಾಗಲಿಕ್ಕಿಲ್ಲ. ಸೆಪ್ಟೆಂಬರ್ 3 ನಮಗೆ ಕೈಲ್ ಪೊಳ್ದ್. ಗದ್ದೆ ನಾಟಿ ಮುಗಿಸಿ, ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಒರೆಸಿಟ್ಟು, ಗಂಧ ಹಚ್ಚಿ, ಕೋವಿಯ ಬಾಯಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುವ ದಿನ. ಕಡಂಬುಟ್ಟು, ಪಂದಿಕರಿ ಆಗಿ ಹೊಟ್ಟೆ ಭಾರವಾದ ಮೇಲೆ ಊರವರೆಲ್ಲ ಮಂದ್‌ನಲ್ಲಿ ಸೇರಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯೋದು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಬೇಟೆ ಹೋಯ್ತು, ತೆಂಗಿನಕಾಯಿ ಉಳೀತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಅಂತ ಆಕಾಶಕ್ಕೆ ಹೊಡೆದು ಊರಿಗೆ ಸುದ್ದಿ ಹೇಳುತ್ತಿದ್ದ ಜನ ನಾವು. ಎಪ್ಪತ್ತೊಂದು ವರ್ಷದ ನಿವೃತ್ತ ಹವಾಲ್ದಾರ್ ಒಬ್ಬರು "ನಾನು ಹೊಡೆಯಲ್ಲ" ಅಂದ್ರೆ ಅದು ಸುಮ್ಮನೆ ಆಟ ಬಿಟ್ಟ ಹಾಗಲ್ಲ.

"ಯಾಕಂತೆ?"

"ಕಣ್ಣು ಹೋಯ್ತಂತೆ. ಹದಿನೈದು ಗುಂಡು ಹೊಡೆದ್ರು, ಒಂದು ಇಲ್ಲಿ ಒಂದು ಅಲ್ಲಿ. ಕೋವಿ ಕನ್ನಿಕೋಂಬರೆಯಲ್ಲಿಟ್ಟು ಬೀಗ ಹಾಕಿ ಕೂತಿದ್ದಾರೆ. ಊಟಾನೂ ಸರಿ ಮಾಡ್ತಿಲ್ಲ. ಪೂಜೆಗೆ ಮೊದಲು ಕೋವಿ ಹೊರಗೆ ತೆಗೀಬೇಡಿ ಅಂದೆ, ಕೇಳಿದ್ರೆ ತಾನೆ."

(ನಾವು ಆಡೋದು ಕೊಡವ ತಕ್ಕ್‌ನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೀತಿದ್ದೀನಿ. ಮುಂದೆ ಬರುವ ಅಪ್ಪನ ಬೈಗುಳಗಳ ಖಾರ ಅರ್ಧ ಇಳಿದಿರುತ್ತೆ, ಕ್ಷಮಿಸಿ.)

ಅಪ್ಪನ ಕೋವಿ ಪಾಯಿಂಟ್ ಟೂ ಟೂ ರೈಫಲ್, ಹಳೇ ಬ್ರನೊ. ನನಗಿಂತ ಮೊದಲೇ ಮನೆಗೆ ಬಂದಿದ್ದು. ಸ್ಕೋಪ್ ಗೀಪ್ ಇಲ್ಲ, ಬರೀ ಕಬ್ಬಿಣದ ಸೈಟು. ಅದರಲ್ಲಿ ಅಪ್ಪ 50 ಮೀಟರಿನಿಂದ ಐದು ಗುಂಡು ಹೊಡೆದರೆ ಐದು ತೂತನ್ನೂ ಒಂದು ದೊಡ್ಡ ನಾಣ್ಯದಿಂದ ಮುಚ್ಚಬಹುದಿತ್ತು. ಇದು ಮಗನ ಬಡಾಯಿ ಅಲ್ಲ, ಅಂಥ ಕಾಗದಗಳನ್ನು ಅಪ್ಪ ತಾರೀಕು ಬರೆದು ಹಳೇ ಟ್ರಂಕಿನಲ್ಲಿ ಇಟ್ಟಿದ್ದಾರೆ. ಕಳೆದ ವರ್ಷದ ಕಾಗದವೂ ಇದೆ. ಒಂದೇ ವರ್ಷದಲ್ಲಿ ನಾಣ್ಯ ಊಟದ ತಟ್ಟೆ ಆಗೋದು ಹೇಗೆ?

ಬೆಂಗಳೂರಿನಲ್ಲಿ ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ನಿನ್ನೆವರೆಗೆ ಓಡುತ್ತಿದ್ದದ್ದು ಇವತ್ತು ಯಾಕೆ ನಿಂತಿತು ಅಂತ ಹುಡುಕೋದಕ್ಕೇ ಸಂಬಳ. ಅಲ್ಲಿ ನಾವು ಕೇಳುವ ಮೊದಲ ಪ್ರಶ್ನೆ ಒಂದೇ: ನಿನ್ನೆಗೂ ಇವತ್ತಿಗೂ ನಡುವೆ ಬದಲಾಗಿದ್ದೇನು? ಅಮ್ಮನ ಹತ್ತಿರವೂ ಅದನ್ನೇ ಕೇಳಿದೆ.

"ತೋಟೆ ಹೊಸ ಪೆಟ್ಟಿಗೆ" ಅಂದಳು.

ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಅದರ ಕಾರಣ ಆಮೇಲೆ ಹೇಳ್ತೀನಿ.

ಶುಕ್ರವಾರ ರಾತ್ರಿಯ ಬಸ್ಸು ಹಿಡಿದೆ. ಬೆಳಗ್ಗೆ ಮನೆ ತಲುಪಿದಾಗ ಅಪ್ಪ ಜಗಲಿಯಲ್ಲಿ ಕೂತು ಪೇಪರನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿದುಕೊಂಡಿದ್ದರು. ನನ್ನನ್ನು ನೋಡಿ "ಏನು, ಅಮ್ಮ ಫೋನ್ ಮಾಡಿದ್ಲಾ?" ಅಂದರು. ಅಷ್ಟೇ.

ತೋಟೆಯ ಮೇಲೆ ಅನುಮಾನ ಬರೋದು ತಪ್ಪಲ್ಲ. ಪಾಯಿಂಟ್ ಟೂ ಟೂ ರಿಮ್‌ಫೈರ್ ಜಾತಿ. ಸಿಡಿಯುವ ಮದ್ದು ತೋಟೆಯ ತಳದ ಅಂಚಿನೊಳಗೇ ಇರುತ್ತೆ, ಒಂದು ಸಲ ಹೊಡೆದರೆ ಉಳಿದ ಹಿತ್ತಾಳೆ ಗುಜರಿಗೆ. ದೊಡ್ಡ ರೈಫಲಿನವರು ಮನೆಯಲ್ಲೇ ಮದ್ದು ಅಳೆದು ತಮಗೆ ಬೇಕಾದ ಹಾಗೆ ತುಂಬಿಕೊಳ್ಳುವಂತೆ ಇದರಲ್ಲಿ ಮಾಡೋಕಾಗಲ್ಲ. ಫ್ಯಾಕ್ಟರಿಯವರು ಪೆಟ್ಟಿಗೆಯಲ್ಲಿ ಏನು ಕೊಟ್ಟರೋ ಅದೇ ಪ್ರಸಾದ. ಅದೇ ಹೆಸರು, ಅದೇ ಬಣ್ಣದ ಪೆಟ್ಟಿಗೆ ಇದ್ದರೂ ಒಳಗಿನ ಲಾಟ್ ನಂಬರ್ ಬದಲಾದರೆ ಕೋವಿಯ ನಡವಳಿಕೆ ಬದಲಾಗಬಹುದು. ಒಂದು ಕೋವಿಗೆ ಹಿಡಿಸಿದ ಲಾಟ್ ಪಕ್ಕದ ಕೋವಿಗೆ ಹಿಡಿಸಲ್ಲ. ಇದು ಮೂಢನಂಬಿಕೆ ಅಲ್ಲ. ಒಲಿಂಪಿಕ್ ಮಟ್ಟದ ಶೂಟರ್‌ಗಳು ಇಂಗ್ಲೆಂಡಿನ ಈಲಿ, ಜರ್ಮನಿಯ ಲಾಪುವಾ ಪರೀಕ್ಷಾ ಕೇಂದ್ರಗಳಿಗೆ ತಮ್ಮ ರೈಫಲ್ ಹೊತ್ತುಕೊಂಡು ಹೋಗಿ, ಲಾಟ್ ಮೇಲೆ ಲಾಟ್ ಹೊಡೆದು ನೋಡಿ, ಹೊಂದಿದ್ದನ್ನು ಒಟ್ಟಿಗೇ ಖರೀದಿ ಮಾಡಿ ತರ್ತಾರೆ.

ಇನ್ನೊಂದು, ವೇಗ. ಹೈ ವೆಲಾಸಿಟಿ ಅಂತ ಬರೆದ ತೋಟೆಯ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುತ್ತೆ. ಆ ಇಳಿಯುವ ಜಾಗದಲ್ಲಿ ಗುಂಡಿಗೆ ಒಂದು ಅಲುಗಾಟ. ಗುರಿಗೆ ಹೊಡೆಯೋರು ಇಷ್ಟಪಡೋದು ಸ್ಟ್ಯಾಂಡರ್ಡ್ ವೆಲಾಸಿಟಿ, ಸೆಕೆಂಡಿಗೆ ಸುಮಾರು 330 ಮೀಟರ್, ಶಬ್ದಕ್ಕಿಂತ ಸ್ವಲ್ಪ ಕಡಿಮೆ. ಅಪ್ಪನ ಹೊಸ ಪೆಟ್ಟಿಗೆ ತಿರುಗಿಸಿ ನೋಡಿದೆ. ಹೆಸರು ಹಳೇದೇ, ವೇಗವೂ ಹಳೇದೇ. ಲಾಟ್ ನಂಬರ್ ಮಾತ್ರ ಬೇರೆ.

"ನೋಡಿ, ಲಾಟ್ ಬೇರೆ!" ಅಂದೆ, ಕಳ್ಳನನ್ನು ಹಿಡಿದ ಹಾಗೆ.

ಅಪ್ಪ ಎದ್ದು ಒಳಗೆ ಹೋಗಿ ಒಂದು ಹಳೇ ಪೆಟ್ಟಿಗೆ ತಂದರು. ಕಳೆದ ವರ್ಷದ್ದು. ಒಳಗೆ ಏಳು ತೋಟೆ. ಅದೇ ಲಾಟ್‌ನಲ್ಲಿ ಅವರು ಹೋದ ಸಲ ಗೆದ್ದಿದ್ದು. "ಇದರಲ್ಲಿ ನಾಲ್ಕು ಹೊಡಿ. ಮೂರು ಇರಲಿ" ಅಂದರು. ನಮ್ಮಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದೆ, ಆದರೆ ತೋಟೆಗೆ ಲೆಕ್ಕ ಇದೆ, ಬೆಲೆಯೂ ಇದೆ. ಅಪ್ಪ ಒಂದೊಂದು ತೋಟೆಯನ್ನೂ ಏಲಕ್ಕಿ ಎಣಿಸಿದ ಹಾಗೆ ಎಣಿಸ್ತಾರೆ.

ಮನೆಯ ಹಿಂದೆ ಎತ್ತರದ ಬರೆ ಇದೆ. ಅದರ ಬುಡದಲ್ಲಿ ರಟ್ಟಿಗೆ ಕಾಗದ ಅಂಟಿಸಿ ನಿಲ್ಲಿಸಿದೆವು. ಕಾಫಿ ಒಣಗಿಸುವ ಕಣದ ಈ ತುದಿಯಲ್ಲಿ ಮೇಜು, ಅದರ ಮೇಲೆ ಭತ್ತದ ಹೊಟ್ಟು ತುಂಬಿದ ಎರಡು ಚೀಲ. ಕೈ ನಡುಗುತ್ತೆ, ಉಸಿರು ತಪ್ಪುತ್ತೆ ಅನ್ನುವ ನೆಪ ಇರಬಾರದು ಅಂತ ಕೋವಿಯನ್ನು ಚೀಲದ ಮೇಲೆ ಮಲಗಿಸಿದ್ದು. ನಾನೇ ಹೊಡೆದೆ. ಹಳೇ ಲಾಟಿನ ನಾಲ್ಕು ಗುಂಡೂ ಕಾಗದದ ನಾಲ್ಕು ದಿಕ್ಕಿಗೆ ಹೋದವು. ಹೊಸದರಲ್ಲಿ ಐದು ಹೊಡೆದೆ. ಅವೂ ಹಾಗೇ.

ಅಲ್ಲಿಗೆ ತೋಟೆಯ ಕೇಸು ಮುಕ್ಕಾಲು ಬಿದ್ದುಹೋಯ್ತು. ಆದರೆ ಅಪ್ಪ ಬಿಡಬೇಕಲ್ಲ. "ನೀನು ಹೊಡೆದದ್ದು ಲೆಕ್ಕಕ್ಕಿಲ್ಲ. ನಿನ್ನ ಕೈಯಲ್ಲಿ ಯಾವ ಕೋವಿಯಾದ್ರೂ ಹಾಗೇ" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಕುಂಞಪ್ಪನ ಮಗಳಿಗೆ ಫೋನ್ ಮಾಡಿದೆ. ಅವಳು ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ರೈಫಲ್ ಹೊಡೆದು ಪಳಗಿದವಳು. ಕುಂಞಪ್ಪನ ಮನೆ ತೋಟ ದಾಟಿದರೆ ಆಚೆ ಕಡೆ. ಕುಂಞಪ್ಪ, ಮಗಳು, ಅವರ ಮನೆಯ ಕೋವಿ ಮೂವರೂ ಜೀಪಿನಲ್ಲಿ ಬಂದರು. ತಂಗಿ ಮೊದಲು ಅಪ್ಪನ ಕೋವಿಯಲ್ಲಿ ಐದು ಹೊಡೆದಳು, ಚದುರಿತು. ಅದೇ ಚೀಲದ ಮೇಲೆ, ಅದೇ ಪೆಟ್ಟಿಗೆಯ ತೋಟೆಯನ್ನು ತಮ್ಮ ಕೋವಿಗೆ ಹಾಕಿ ಐದು ಹೊಡೆದಳು. ಐದೂ ಒಂದು ಬೆಂಕಿಪೊಟ್ಟಣದ ಅಗಲದಲ್ಲಿ!

ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ ಅಲ್ಲಿಗೆ ಹುಡುಕಾಟ ಅರ್ಧ ಮುಗಿದಂತೆ. ತೋಟೆ ಸರಿ ಇದೆ, ಹೊಡೆಯುವವಳು ಸರಿ ಇದ್ದಾಳೆ. ಉಳಿದದ್ದು ಅಪ್ಪನ ಕೋವಿ. ನಾನು ಖುಷಿಯಿಂದ ಅಪ್ಪನ ಕಡೆ ತಿರುಗಿದೆ. ಅವರು ರಟ್ಟಿನ ಕಡೆ ನೋಡ್ತಾ, "ಕೋವಿ ಸರಿ ಇಲ್ಲ ಅಂದ್ರೆ ಕಣ್ಣು ಸರಿ ಇದೆ ಅಂತ ಆಯ್ತಾ?" ಅಂದರು.

ನಿಜ ಹೇಳ್ತೀನಿ, ಈ ಪ್ರಶ್ನೆಯನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ.

ಕುಂಞಪ್ಪ ಕುರ್ಚಿ ಎಳೆದುಕೊಂಡು ಕೂತು ತನ್ನ ಪಾಂಡಿತ್ಯ ಶುರು ಮಾಡಿದರು. ಒಂದು ಮಾತು ಒಳ್ಳೇದು ಹೇಳಿದರು: "ಗುಂಪು ಗುಂಪಾಗೇ ಇದ್ದು ಜಾಗ ಮಾತ್ರ ಸರಿದಿದ್ರೆ ಸೈಟು ಅಲುಗಾಡಿದೆ ಅಂತ ಅರ್ಥ. ಇದು ಗುಂಪೇ ಒಡೆದಿದೆ." ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಸೈಟನ್ನು ಆಚೆ ಈಚೆ ತಳ್ಳಿ ತಳ್ಳಿ ಇದ್ದಬದ್ದ ತೋಟೆ ಖಾಲಿ ಮಾಡಿಕೊಳ್ತಾರಂತೆ. ಎರಡು ಗುಂಡು ಇಲ್ಲಿ ಜೊತೆಯಾಗಿ, ಮೂರು ಅಲ್ಲಿ ಜೊತೆಯಾಗಿ ಬಿದ್ದರೆ ಏನೋ ಸಡಿಲ ಇದೆ, ಎರಡು ಜಾಗದಲ್ಲಿ ಕೂರ್ತಿದೆ ಅಂತ. ಒಂದರ ಮೇಲೊಂದು ಏಣಿಯ ಹಾಗೆ ಹತ್ತಿದರೆ ಮರ ನಳಿಗೆಯನ್ನು ಒತ್ತುತ್ತಿರಬಹುದು, ಇಲ್ಲಾ ಮದ್ದಿನ ವೇಗದಲ್ಲಿ ಏರುಪೇರು ಇರಬಹುದು. ನಮ್ಮದು ಯಾವ ಜಾತಿಗೂ ಸೇರದೆ ಕಾಳು ಚೆಲ್ಲಿದ ಹಾಗಿತ್ತು.

ಮಳೆಗಾಲದ ಕೊಡಗಿನಲ್ಲಿ ಮರದ ಮೇಲೆ ಅನುಮಾನ ಬರದೇ ಇರೋಕೆ ಸಾಧ್ಯವೇ ಇಲ್ಲ. ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕ್ಕೊಳ್ಳುತ್ತೆ, ಮೇಜಿನ ಡ್ರಾಯರ್ ಸೆಪ್ಟೆಂಬರ್‌ವರೆಗೆ ತೆರೆಯಲ್ಲ, ಚಪ್ಪಲಿಗೆ ಬೂಸ್ಟು ಬರುತ್ತೆ. ಕೋವಿಯ ಮರ ಮಾತ್ರ ಊದಿಕೊಳ್ಳದೆ ಇರುತ್ತಾ? ನಳಿಗೆ ಗುಂಡು ಹೊಡೆದಾಗ ತಂತಿಯ ಹಾಗೆ ಕಂಪಿಸುತ್ತೆ. ಪ್ರತಿ ಸಲ ಒಂದೇ ಥರ ಕಂಪಿಸಿದರೆ ಗುಂಡು ಒಂದೇ ಕಡೆ ಹೋಗುತ್ತೆ. ಊದಿದ ಮರ ಒಂದು ಪಕ್ಕದಿಂದ ಒತ್ತಿದರೆ ಆ ಕಂಪನ ಕೆಡುತ್ತೆ. ತಂಗಿ ಒಂದು ಕಾಗದದ ಚೂರನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ನೋಡಿದಳು. ಎಡಕ್ಕೆ ಒಂದು ಕಡೆ ಸಿಕ್ಕಿಕೊಂಡಿತು. ಮರದ ತಳದ ಸ್ಕ್ರೂ ತಿರುಗಿಸಿದರೆ ಒಂದು ಸಡಿಲ, ಇನ್ನೊಂದು ಅತಿ ಬಿಗಿ. ಕಬ್ಬಿಣವನ್ನೂ ಮರವನ್ನೂ ಹಿಡಿದಿಡೋದು ಈ ಸ್ಕ್ರೂಗಳೇ. ಸಮನಾಗಿ ಬಿಗಿದಿರಬೇಕು, ಒಂದು ಸಡಿಲವಾದರೂ ಕೋವಿ ಪ್ರತಿ ಗುಂಡಿಗೂ ಒಂದು ಕೂದಲೆಳೆ ಜಾಗ ಬದಲಿಸುತ್ತೆ.

"ಇದನ್ನ ಬಿಚ್ಚಿದ್ದು ಯಾರು?" ಅಂದರು ಅಪ್ಪ.

"ನಾನೇ. ಜೂನ್‌ನಲ್ಲಿ ಬಂದಾಗ. ಮಳೆಗೆ ಮೊದಲು ಕ್ಲೀನ್ ಮಾಡಿ ಎಣ್ಣೆ ಹಾಕಿಟ್ಟೆನಲ್ಲ."

"ಬಿಚ್ಚು ಅಂತ ನಾನು ಹೇಳಿದ್ನಾ?"

ಕುಂಞಪ್ಪ ಗೊಳ್ಳಂತ ನಕ್ಕರು. ಮರವನ್ನು ಒತ್ತುತ್ತಿದ್ದ ಕಡೆ ನಯವಾದ ಉಪ್ಪುಕಾಗದದಲ್ಲಿ ತೀಡಿ, ಸ್ಕ್ರೂಗಳನ್ನು ಸಮ ಬಿಗಿದು ಐದು ಹೊಡೆದೆವು. ತಟ್ಟೆ ಸಾಸರ್ ಆಯ್ತು, ನಾಣ್ಯ ಆಗಲಿಲ್ಲ.

ತಂಗಿ ನಳಿಗೆಯೊಳಗೆ ಬಟ್ಟೆ ತೂರಿಸಿದಳು. ಹಸಿ ಎಣ್ಣೆ ಬಂತು. ಅದೂ ನನ್ನ ಸೇವೆಯೇ. ಎಣ್ಣೆ ತುಂಬಿದ ನಳಿಗೆಯಲ್ಲಿ ಮೊದಲ ಕೆಲವು ಗುಂಡುಗಳು ಮಾತು ಕೇಳಲ್ಲ. ಪಾಯಿಂಟ್ ಟೂ ಟೂ ಗುಂಡು ಮೆದು ಸೀಸ, ಮೇಲೆ ಮೇಣದ ಲೇಪ. ಆ ಮೇಣ ನಳಿಗೆಯೊಳಗೆ ಒಂದು ಪದರ ಹಿಡಿದ ಮೇಲೇ ಕೋವಿ ಹದಕ್ಕೆ ಬರೋದು. ಅದಕ್ಕೇ ಹಳಬರು ಈ ಕೋವಿಯನ್ನು ಉಜ್ಜಬೇಡಿ, ಉಜ್ಜಬೇಡಿ ಅನ್ನೋದು. ಹಾಗಂತ ವರ್ಷಗಟ್ಟಲೆ ಬಿಟ್ಟರೂ ಕಷ್ಟ, ತೋಟೆ ಕೂರುವ ಜಾಗದ ಮುಂದೆ ಮಸಿ ಗಟ್ಟಿಯಾಗಿ ಉಂಗುರದ ಹಾಗೆ ಕಟ್ಟುತ್ತೆ, ಅದೂ ಗುಂಡನ್ನು ಕೆಡಿಸುತ್ತೆ. ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಐದು. ಅಪ್ಪ ಈಗಾಗಲೇ ಹದಿನೈದು ಹೊಡೆದಿದ್ದರಿಂದ ಎಣ್ಣೆಯ ಕಾಟ ಬಹಳ ಉಳಿದಿರಲಾರದು ಅಂತ ಗೊತ್ತಿತ್ತು. ಆದರೂ ನೋಡಿದೆವು. ಸಾಸರ್ ಸಾಸರೇ. ಪೆಟ್ಟಿಗೆಯಲ್ಲಿ ಉಳಿದಿದ್ದು ಹತ್ತು. ಮಳೆ ಶುರುವಾಯ್ತು. ಕುಂಞಪ್ಪ ಜೀಪು ಹತ್ತಿದರು.

ಈಗ, ಮೊದಲೇ ಹೇಳಬೇಕಾಗಿದ್ದ ಆ ವಿಷಯ.

ಜೂನ್‌ನಲ್ಲಿ ಕೋವಿ ಕ್ಲೀನ್ ಮಾಡಿದ ದಿನ ಅದನ್ನು ಹಿತ್ತಲ ಕಡೆ ಜಗಲಿಯಲ್ಲಿ ಗೋಡೆಗೆ ಒರಗಿಸಿ ಫೋನ್ ಬಂತು ಅಂತ ಎದ್ದುಹೋಗಿದ್ದೆ. ವಾಪಸು ಬರುವಾಗ ನನ್ನ ಕಾಲೇ ತಾಗಿತೋ, ನಾಯಿ ತಾಗಿತೋ, ಕೋವಿ ಜಾರಿ ಜಗಲಿಯ ಕೆಳಗಿನ ಕಲ್ಲಿನ ಮೆಟ್ಟಿಲಿಗೆ ಬಾಯಿ ಮುಂದಾಗಿ ಬಿತ್ತು. ಠಣ್ ಅಂತ ಒಂದು ಸದ್ದು. ಅಪ್ಪ ತೋಟದಲ್ಲಿದ್ದರು, ಅಮ್ಮ ಒಲೆಯ ಮುಂದೆ. ಎತ್ತಿ ನೋಡಿದೆ. ಮರಕ್ಕೆ ಗೀರಿಲ್ಲ, ಸೈಟು ನೆಟ್ಟಗಿದೆ. ಒರೆಸಿ ಕನ್ನಿಕೋಂಬರೆಯಲ್ಲಿಟ್ಟು ಬೆಂಗಳೂರಿಗೆ ಹೋದೆ. ಯಾರಿಗೂ ಹೇಳಲಿಲ್ಲ. ಮೂವತ್ತೆಂಟು ವರ್ಷದ ಗಂಡಸು, ಎರಡು ಮಕ್ಕಳ ತಂದೆ, ಅಪ್ಪನ ಬೈಗುಳಕ್ಕೆ ಹೆದರಿ ಹೇಳಲಿಲ್ಲ. ಏನೂ ಆಗಿಲ್ಲ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಅಮ್ಮ ಫೋನಿನಲ್ಲಿ "ಹೊಸ ಪೆಟ್ಟಿಗೆ" ಅಂದಾಗ ನನಗಾದ ಸಮಾಧಾನ ಇದಕ್ಕೆ. ಇಡೀ ಶನಿವಾರ ತೋಟೆ, ಮರ, ಸ್ಕ್ರೂ, ಎಣ್ಣೆ ಅಂತ ಊರೆಲ್ಲ ಹುಡುಕಿದ್ದೂ ಇದಕ್ಕೇ. ಬದಲಾಗಿದ್ದೇನು ಅಂತ ಎಲ್ಲರನ್ನೂ ಕೇಳ್ತಿದ್ದವನು ನಾನು. ಉತ್ತರ ಮೊದಲ ದಿನದಿಂದ ನನ್ನ ಜೇಬಿನಲ್ಲೇ ಇತ್ತು. ಆಫೀಸಿನಲ್ಲಿ ಇಂಥವರನ್ನು ಎಷ್ಟು ಜನರನ್ನು ನೋಡಿದ್ದೀನಿ! "ನಾನೇನೂ ಮುಟ್ಟಿಲ್ಲ ಸರ್" ಅಂತಾರೆ, ಮೂರು ದಿನ ಎಲ್ಲರೂ ತಲೆ ಕೆಡಿಸಿಕೊಂಡ ಮೇಲೆ "ಒಂದೇ ಒಂದು ಸಣ್ಣ ಬದಲಾವಣೆ ಮಾಡಿದ್ದೆ" ಅಂತಾರೆ.

ರಾತ್ರಿ ಅಪ್ಪ ಮಲಗಿದ ಮೇಲೆ ಕೋವಿ ತಂದು, ತೋಟೆ ಇಲ್ಲ ಅಂತ ಎರಡು ಸಲ ನೋಡಿ, ಬೋಲ್ಟ್ ತೆಗೆದು, ಟಾರ್ಚ್ ಮತ್ತು ಮಗಳ ಆಟದ ಭೂತಗನ್ನಡಿ ಹಿಡಿದು ನಳಿಗೆಯ ಬಾಯಿ ನೋಡಿದೆ. ಈ ಬಾಯಿಯ ಅಂಚಿಗೆ ಕ್ರೌನ್ ಅಂತಾರೆ. ಗುಂಡು ಕೋವಿಯನ್ನು ಕೊನೆಯದಾಗಿ ಮುಟ್ಟಿ ಹೋಗುವ ಜಾಗ ಇದು. ಗುಂಡಿನ ಬೆನ್ನ ಹಿಂದಿನ ಬಿಸಿ ಅನಿಲ ಸುತ್ತಲೂ ಒಂದೇ ಕ್ಷಣಕ್ಕೆ ಹೊರಗೆ ನುಗ್ಗಬೇಕು. ಅಂಚಿನಲ್ಲಿ ಒಂದು ಕಡೆ ನೆಗ್ಗಿದ್ದರೆ ಆ ಕಡೆಯಿಂದ ಅನಿಲ ಒಂದು ಕ್ಷಣ ಮೊದಲು ಜಾರಿ ಗುಂಡಿನ ಬುಡವನ್ನು ಪಕ್ಕಕ್ಕೆ ತಳ್ಳುತ್ತೆ. ಬಾಗಿಲು ದಾಟುವಾಗ ಹಿಂದಿನಿಂದ ಭುಜಕ್ಕೆ ಯಾರೋ ತಳ್ಳಿದ ಹಾಗೆ. ನಳಿಗೆ ಒಳಗೆ ಎಷ್ಟು ಚೆನ್ನಾಗಿದ್ದರೂ ಉಪಯೋಗ ಇಲ್ಲ.

ಕಣ್ಣಿಗೆ ಏನೂ ಸ್ಪಷ್ಟವಾಗಲಿಲ್ಲ. ಕಿವಿಗೆ ಹಾಕುವ ಹತ್ತಿಕಡ್ಡಿ ತಂದು ಒಳಗಿನಿಂದ ಹೊರಕ್ಕೆ ಅಂಚಿನ ಸುತ್ತ ಎಳೆದೆ. ಕೆಳಗಡೆ, ಗಡಿಯಾರದಲ್ಲಿ ಐದು ಗಂಟೆ ಇರುವ ಜಾಗದಲ್ಲಿ, ಹತ್ತಿಯ ಎಳೆ ಸಿಕ್ಕಿಕೊಂಡಿತು. ಮತ್ತೆ ಎಳೆದೆ. ಮತ್ತೆ ಅಲ್ಲೇ. ಸಾಸಿವೆಗಿಂತ ಸಣ್ಣ ನೆಗ್ಗು.

ಬೆಳಗ್ಗೆ ಕಾಫಿ ಲೋಟ ಹಿಡಿದು ಅಪ್ಪನ ಮುಂದೆ ನಿಂತು ಹೇಳಿದೆ. ಬಿದ್ದಿದ್ದು, ಮುಚ್ಚಿಟ್ಟಿದ್ದು, ಎಲ್ಲ. ಅಪ್ಪ ಕೋವಿ ಕೈಗೆ ತಗೊಂಡು ಬಾಯಿಯನ್ನು ಬೆಳಕಿಗೆ ಹಿಡಿದರು. ಎಡಗಣ್ಣಿಗೆ ಹಿಡಿದರು, ಬಲಗಣ್ಣಿಗೆ ಹಿಡಿದರು. "ಕಾಣಲ್ಲ" ಅಂದರು. ಆಮೇಲೆ ಕಿರುಬೆರಳಿನ ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಓಡಿಸಿ ಒಂದು ಕಡೆ ನಿಲ್ಲಿಸಿದರು.

"ಬಿತ್ತು ಅಂತ ಹೇಳೋಕೆ ಎರಡು ತಿಂಗಳು ಬೇಕಾಯ್ತಾ?"

ನಾನು ಸುಮ್ಮನಿದ್ದೆ. ನನ್ನನ್ನು, ನನ್ನ ಓದನ್ನು, ಬೆಂಗಳೂರನ್ನು ಸೇರಿಸಿ ಒಂದಿಷ್ಟು ಬೈದರು. ಬೈತಾ ಬೈತಾ ಮುಖ ಅರಳ್ತಾ ಹೋಯ್ತು. ಎದ್ದು ಫೋನ್ ಹತ್ತಿರ ಹೋಗಿ ಕುಂಞಪ್ಪನಿಗೆ ಹಚ್ಚಿ, ಆಚೆಮನೆಗೂ ಕೇಳುವ ಹಾಗೆ, "ನನ್ನ ಕಣ್ಣಲ್ಲ ಮಾರಾಯ, ನನ್ನ ಮಗ!" ಅಂದರು. ಆಮೇಲೆ ಮೂರು ಅಕ್ಕಿರೊಟ್ಟಿ ತಿಂದರು. ಅಮ್ಮ ನನ್ನ ಕಡೆ ನೋಡಿದ ನೋಟದಲ್ಲಿ ಬೈಗುಳ ಎಷ್ಟು, ಉಪಕಾರಸ್ಮರಣೆ ಎಷ್ಟು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಈ ವಿಷಯದಲ್ಲಿ ನಾವು ಒಂಟಿ ಅಲ್ಲ. ಅಭಿನವ್ ಬಿಂದ್ರಾ 2004ರ ಅಥೆನ್ಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಏಳನೆಯವನಾಗಿ ಬಂದ. ಅಲ್ಲಿ ಅವನು ನಿಂತಿದ್ದ ಜಾಗದ ನೆಲದ ಟೈಲ್ ಸಡಿಲ ಇತ್ತು ಅನ್ನೋದು ಆಮೇಲೆ ತಿಳಿದದ್ದು. ಅಷ್ಟು ಹೊತ್ತಿಗೆ ಅವನು ತನ್ನನ್ನು ತಾನು ಎಷ್ಟು ಬೈದುಕೊಂಡಿದ್ದನೋ. 2008ರಲ್ಲಿ ಬೀಜಿಂಗ್‌ನಲ್ಲಿ ಫೈನಲ್‌ಗೆ ಮೊದಲು ಅಭ್ಯಾಸದ ಗುಂಡು ಹೊಡೆದರೆ ಅದು ನಡುವಿನಿಂದ ಎಲ್ಲೋ ದೂರ. ಆ ಸಲ ಅವನು ಗಾಬರಿಯಾಗಲಿಲ್ಲ, ಸೈಟಿನ ಮೇಲೆ ಅನುಮಾನಪಟ್ಟು ಅದನ್ನು ತಿರುಗಿಸಿ ಸರಿಮಾಡಿಕೊಂಡ. ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ತಂದ. ಅಪ್ಪನಿಗೆ ಈ ಕತೆ ಹೇಳಿದೆ. "ಅವನ ಕೋವಿ ಬೀಳಿಸಿದವನು ಅವನ ಮಗ ಅಲ್ಲ" ಅಂದರು.

ಸೋಮವಾರ ರಜೆ ಹಾಕಿ ಕೋವಿಯನ್ನು ರಿಪೇರಿಯವರ ಹತ್ತಿರ ತಗೊಂಡು ಹೋದೆವು. ಆ ಮನುಷ್ಯನಿಗೆ ಅಪ್ಪನಷ್ಟೇ ವಯಸ್ಸು. ನಾನು ಬರೆ, ಚೀಲ, ತಂಗಿ ಅಂತ ಕತೆ ಶುರು ಮಾಡೋ ಮೊದಲೇ ಬಾಯಿಯನ್ನು ನೋಡಿ "ಕಲ್ಲಿಗೆ ಬಿತ್ತಾ?" ಅಂದರು. ಎರಡು ದಿನ ಹುಡುಕಿದ್ದನ್ನು ಎರಡು ಸೆಕೆಂಡಿನಲ್ಲಿ. ಆಮೇಲೆ ಮಾಡಿದ ಕೆಲಸ ನೋಡೋಕೆ ಬಹಳ ಸರಳ. ಗುಂಡುತಲೆಯ ಒಂದು ಹಿತ್ತಾಳೆ ಸ್ಕ್ರೂ, ಅದರ ತಲೆಗೆ ಗಾಡಿಯ ವಾಲ್ವ್ ತೇಯುವ ಪೇಸ್ಟ್. ಅದನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ ನಳಿಗೆಯ ಬಾಯಿಗೆ ಒತ್ತಿ, ಒಂದೇ ಕಡೆ ನಿಲ್ಲಿಸದೆ ವಾಲಾಡಿಸುತ್ತಾ ತೇಯ್ದರು. ನಳಿಗೆಯೊಳಗೆ ಪೇಸ್ಟ್ ಇಳಿಯದ ಹಾಗೆ ಮೊದಲೇ ಬಟ್ಟೆ ತುರುಕಿದ್ದರು. ನಡುನಡುವೆ ಒರೆಸಿ ನೋಡೋದು, ಮತ್ತೆ ತೇಯೋದು. ಕೊನೆಗೆ ಅಂಚಿನ ಸುತ್ತ ಸಮನಾದ ಒಂದು ಹೊಳೆಯುವ ಗೆರೆ ಮೂಡಿತು. ಹತ್ತಿಕಡ್ಡಿ ಎಲ್ಲೂ ಸಿಕ್ಕಲಿಲ್ಲ. (ಇದನ್ನು ಓದಿ ನೀವೇ ಮನೆಯಲ್ಲಿ ಮಾಡೋಕೆ ಹೋಗಬೇಡಿ. ಕೈ ಪಳಗದವರು ಮಾಡಿದರೆ ಇದ್ದ ಅಂಚೂ ಹೋಗುತ್ತೆ.)

ಮನೆಗೆ ಬಂದು ಚೀಲದ ಮೇಲಿಟ್ಟು ತಂಗಿ ಐದು ಹೊಡೆದಳು. ಮೊದಲನೆಯದು ಸ್ವಲ್ಪ ಆಚೆ, ಉಳಿದ ನಾಲ್ಕು ಒಂದು ರೂಪಾಯಿ ನಾಣ್ಯದೊಳಗೆ. ಅಪ್ಪ ಆ ಕಾಗದ ಕಿತ್ತು, ತಾರೀಕು ಬರೆದು, ಟ್ರಂಕಿಗೆ ಹಾಕಿದರು. ತಾವು ಹೊಡೆಯಲಿಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಐದು ತೋಟೆಯನ್ನು ಕೈಲ್ ಪೊಳ್ದ್‌ಗೆ ಎತ್ತಿಟ್ಟರು.

ಹಬ್ಬಕ್ಕೆ ನಾನು ಹೆಂಡತಿ ಮಕ್ಕಳನ್ನೂ ಕರಕೊಂಡು ಹೋದೆ. ಮಧ್ಯಾಹ್ನ ಮಂದ್‌ನಲ್ಲಿ ಮಳೆ ಬಿಟ್ಟಿತ್ತು, ಆದರೆ ಮೋಡ ಕವಿದು ಮಬ್ಬು. ಇಂಥ ಬೆಳಕಿನಲ್ಲಿ ತೆರೆದ ಸೈಟಿನವರಿಗೆ ಕಷ್ಟ, ಮುಂದಿನ ಸೈಟಿನ ತುದಿ ಎಲ್ಲಿ ಮುಗೀತು, ಹಿಂದಿನ ಹಸಿರು ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ಅಪ್ಪನ ಸರದಿ ಬಂತು. ಚೀಲ ಇಲ್ಲ, ಮೇಜಿಲ್ಲ, ನಿಂತು ಹೊಡೆಯೋದು. ಮೊದಲನೆಯದು ಕಾಯಿಯ ಪಕ್ಕ ಹೋಯ್ತು. ಎರಡನೆಯದು ಕಾಯಿಯನ್ನು ಕಟ್ಟಿದ್ದ ಹಗ್ಗದ ಹತ್ತಿರ. ಮೂರನೆಯದಕ್ಕೆ ಕಾಯಿಯ ಅಂಚು ಚಿಟ್ ಅಂತ ಹಾರಿತು, ಕಾಯಿ ಒಡೆಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅಪ್ಪನ ವಯಸ್ಸಿಗೆ ತಟ್ಟಿದ ಚಪ್ಪಾಳೆ ಅದು ಅಂತ ಅಪ್ಪನಿಗೂ ಗೊತ್ತಾಯ್ತು, ನನಗೂ ಗೊತ್ತಾಯ್ತು. ಆವತ್ತು ಗೆದ್ದದ್ದು ಕುಂಞಪ್ಪನ ಮಗಳು, ಎರಡನೇ ಗುಂಡಿಗೇ ಕಾಯಿ ಎರಡು ಹೋಳು.

ಜೀಪಿನಲ್ಲಿ ವಾಪಸು ಬರುವಾಗ ಅಪ್ಪ ಮುಂದಿನ ಸೀಟಿನಲ್ಲಿ ಕೋವಿಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಬಾಯಿಗೆ ಕರ್ಚೀಫ್ ಸುತ್ತಿ ಅಂಗೈಯಿಂದ ಹಿಡಿದುಕೊಂಡು ಕೂತಿದ್ದರು. ಹಿಂದೆ ಮಕ್ಕಳ ಗಲಾಟೆ. ಯಾರೂ ಪಂದ್ಯದ ಮಾತು ಎತ್ತಲಿಲ್ಲ. ಕಾಫಿ ತೋಟದ ತಿರುವು ಬಂದಾಗ, ರಸ್ತೆ ನೋಡ್ತಾನೇ ಕೇಳಿದರು.

"ತೋಟೆ ಸರಿ ಇತ್ತು, ಅಲ್ವಾ?"

"ಸರಿ ಇತ್ತಪ್ಪ."

"ಕೋವಿಯೂ ಸರಿ ಇದೆ ಈಗ."

"ಹೂಂ."

ಸ್ವಲ್ಪ ದೂರ ಸುಮ್ಮನೆ ಬಂದರು.

"ಮೈಸೂರಿನ ಆ ಕಣ್ಣಿನ ಡಾಕ್ಟರು, ಹೋದ ವರ್ಷ ಬಲಗಣ್ಣಿಗೆ ಪೊರೆ ಬಂದಿದೆ, ತೆಗೀಬೇಕು ಅಂದಿದ್ರಲ್ಲ. ಅವರು ವಾರದಲ್ಲಿ ಯಾವ ದಿನ ಸಿಗ್ತಾರೆ ಕೇಳು."